ಒಂದೇ ಸೂರು, ಎರಡು ಶಾಲೆ



ಒಂದು ಶಾಲಾ ಕಟ್ಟಡವನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಟ್ಟಡ ಒಂದೇ, ಆದರೆ ಅದರೊಳಗಿನ ಶಾಲೆಗಳು ಎರಡು. ಬಾಗಿಲು ಎರಡು, ಮುಖ್ಯೋಪಾಧ್ಯಾಯರು ಇಬ್ಬರು, ಶಿಕ್ಷಕರ ಕೊಠಡಿ ಎರಡು. ಕೆಲವು ಊರುಗಳಲ್ಲಿ ಅಂಗಳದ ನಡುವೆ ಬೇಲಿಯೂ ಉಂಟು. ಇನ್ನು ಕೆಲವು ಊರುಗಳಲ್ಲಿ ಬೇಲಿಯ ಅಗತ್ಯವೇ ಬೀಳುವುದಿಲ್ಲ. ಒಂದು ಗುಂಪಿನ ಮಕ್ಕಳು ಬೆಳಿಗ್ಗೆ ಬಂದು ಹೋದ ಮೇಲೆ ಇನ್ನೊಂದು ಗುಂಪು ಮಧ್ಯಾಹ್ನ ಬರುತ್ತದೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ಚೆನ್ನಾಗಿಯೇ ತಿಳಿಯುತ್ತದೆ.

ಇದು ಕಟ್ಟುಕಥೆಯಲ್ಲ. ಯುರೋಪಿನ ಬೋಸ್ನಿಯಾ-ಹರ್ಜೆಗೋವಿನಾ ದೇಶದಲ್ಲಿ ಈ ಏರ್ಪಾಡಿಗೆ ‘ಒಂದೇ ಸೂರಿನಡಿ ಎರಡು ಶಾಲೆ’ ಎಂದೇ ಹೆಸರು. ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಂತಹ ಶಾಲೆಗಳು 28 ಸ್ಥಳಗಳಲ್ಲಿ 56 ಇದ್ದವು. ನಮ್ಮಲ್ಲಿ ‘ಮನೆಯೊಂದು ಮೂರು ಬಾಗಿಲು’ ಎಂಬ ಮಾತಿದೆಯಲ್ಲ, ಅದನ್ನು ಅಲ್ಲಿ ಸರ್ಕಾರಗಳೇ ಸಿಮೆಂಟಿನಲ್ಲಿ ಕಟ್ಟಿ ತೋರಿಸಿವೆ.

ಒಂಬತ್ತನೇ ತರಗತಿಯಲ್ಲಿ ಈ ವಿಷಯ ಹೇಳಿದಾಗ ಒಬ್ಬ ಹುಡುಗಿ ಎದ್ದು ನಿಂತು, “ಮಾತು ಬರ್ತಿದ್ರೂ ಮಾತಾಡಂಗಿಲ್ವಾ ಟೀಚರ್?” ಎಂದಳು. ಅಂದು ನಾನು ಕೊಟ್ಟ ಉತ್ತರ ನನಗೇ ತೃಪ್ತಿ ತರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನೆರೆತ್ವಾ ನದಿಯ ಎರಡೂ ದಡಗಳಲ್ಲಿ ಹರಡಿರುವ ಮೊಸ್ತಾರ್ ನಗರದಿಂದ ಪ್ರಾರಂಭಿಸೋಣ. ‘ಮೊಸ್ತ್’ ಎಂದರೆ ಅವರ ಭಾಷೆಯಲ್ಲಿ ಸೇತುವೆ. ಸೇತುವೆ ಕಾಯುವವರಿಂದ ಊರಿಗೆ ಹೆಸರು ಬಂದಿದೆ. ಉಸ್ಮಾನಿಯಾ ಸುಲ್ತಾನ ಸುಲೇಮಾನನ ಅಪ್ಪಣೆಯಂತೆ ವಾಸ್ತುಶಿಲ್ಪಿ ಖೈರುದ್ದೀನ್ ಇಲ್ಲಿ ಒಂದೇ ಕಮಾನಿನ ಕಲ್ಲಿನ ಸೇತುವೆಯನ್ನು ಕಟ್ಟಿದ. 1557ರಲ್ಲಿ ಶುರುವಾದ ಕೆಲಸ 1566ರಲ್ಲಿ ಮುಗಿಯಿತು. ಆಸರೆಯ ಮರಗಳನ್ನು ತೆಗೆಯುವ ದಿನ ಸೇತುವೆ ಕುಸಿದರೆ ಸುಲ್ತಾನ ತಲೆ ಉಳಿಸುವುದಿಲ್ಲವೆಂದು ಹೆದರಿ ಖೈರುದ್ದೀನ್ ತನ್ನ ಕಬರನ್ನು ತಾನೇ ತೋಡಿಟ್ಟುಕೊಂಡಿದ್ದ ಎಂಬ ಕಥೆಯನ್ನು ಊರಿನವರು ಇಂದಿಗೂ ಹೇಳುತ್ತಾರೆ. ಸೇತುವೆ ಕುಸಿಯಲಿಲ್ಲ. ನಾನೂರು ವರ್ಷಕ್ಕೂ ಮಿಕ್ಕಿ ನಿಂತಿತು.

ಆ ನಗರದಲ್ಲಿ 1991ರ ಜನಗಣತಿಯ ವೇಳೆಗೆ ಮುಸ್ಲಿಮರು ಮತ್ತು ಕ್ರೊವೇಷಿಯನ್ ಕ್ಯಾಥೊಲಿಕರು ಹೆಚ್ಚುಕಡಿಮೆ ಸಮಸಮವಾಗಿದ್ದರು. ಐದರಲ್ಲೊಂದು ಭಾಗದ ಹತ್ತಿರ ಸರ್ಬರಿದ್ದರು. ಮಸೀದಿ, ಚರ್ಚು, ಸಾಂಪ್ರದಾಯಿಕ ಕ್ರೈಸ್ತರ ದೇವಾಲಯ ಎಲ್ಲವೂ ಒಂದೇ ಊರಿನಲ್ಲಿದ್ದವು. ಮಕ್ಕಳು ಒಂದೇ ಶಾಲೆಗೆ ಹೋಗುತ್ತಿದ್ದರು. ಉರ್ದು ಪಾಠ ಹೇಳುವವಳಾದ ನನಗೆ ಅವರ ಮಾತಿನ ಕೆಲವು ಪದಗಳು ತುಂಬಾ ಹಿಡಿಸಿದವು. ಅವರು ಬಡಾವಣೆಗೆ ‘ಮಹಲಾ’ ಎನ್ನುತ್ತಾರೆ, ಅಂಗಡಿಗೆ ‘ದುಚಾನ್’, ಸಕ್ಕರೆಗೆ ‘ಶೆಚೆರ್’. ನಮ್ಮ ಮೊಹಲ್ಲಾ, ದುಕಾನ್, ಶಕ್ಕರ್‌ಗಳೇ ತುರ್ಕರ ಬಾಯಿಂದ ಅಲ್ಲಿಗೆ ತಲುಪಿವೆ. ಕಾಫಿಯ ವಿಷಯ ಇನ್ನೂ ಸೊಗಸು. ಬೋಸ್ನಿಯಾದ ಮುಸ್ಲಿಮರು ‘ಕಹ್ವಾ’ ಎಂದರೆ ಕ್ರೊವೇಷಿಯನ್ನರು ‘ಕಾವಾ’, ಸರ್ಬರು ‘ಕಾಫಾ’ ಎನ್ನುತ್ತಾರೆ. ಈ ಮೂರೂ ಬೇರೆ ಬೇರೆ ಭಾಷೆಗಳು ಎಂದು ಈಗ ಕಾನೂನೇ ಹೇಳುತ್ತದೆ. ಬಾಬಾ ಬುಡನ್‌ರ ಗಿರಿಯ ನೆರಳಿನಲ್ಲಿ ಕಾಫಿ ಕುಡಿಯುವ ನಾವು ಇದನ್ನು ಕೇಳಿ ನಗಬಹುದು. ಆದರೆ ಇದೇ ವ್ಯತ್ಯಾಸವನ್ನು ಹಿಡಿದುಕೊಂಡೇ ಆಮೇಲೆ ಶಾಲೆಗಳನ್ನು ಸೀಳಲಾಯಿತು.

1992ರಲ್ಲಿ ಯುದ್ಧ ಶುರುವಾಯಿತು. ಮೊದಲು ಯುಗೊಸ್ಲಾವ್ ಸೇನೆ ಮತ್ತು ಸರ್ಬ್ ಪಡೆಗಳ ವಿರುದ್ಧ ಮುಸ್ಲಿಮರೂ ಕ್ರೊವೇಷಿಯನ್ನರೂ ಜೊತೆಯಾಗಿ ನಗರವನ್ನು ಕಾಪಾಡಿಕೊಂಡರು. ಮರುವರ್ಷ ಮೇ ತಿಂಗಳಿನಿಂದ ಅವರವರೇ ಹೊಡೆದಾಡಿದರು. ನಗರದ ನಡುವಿನ ‘ಬುಲೆವಾರ್’ ಎಂಬ ಹೆದ್ದಾರಿಯೇ ಗಡಿಯಾಯಿತು. ಪಶ್ಚಿಮಕ್ಕೆ ಕ್ರೊವೇಷಿಯನ್ನರು, ಪೂರ್ವಕ್ಕೆ ಮುಸ್ಲಿಮರು. 1993ರ ನವೆಂಬರ್ 9ರಂದು ಕ್ರೊವೇಷಿಯನ್ ಪಡೆಗಳ ಶೆಲ್ ದಾಳಿಗೆ ಹಳೆಯ ಸೇತುವೆ ಮುರಿದು ನದಿಗೆ ಬಿತ್ತು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ ಸರ್ಬ್ ಪಡೆಗಳು ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದವು. ಅದೇ ವರ್ಷದ ಕೊನೆಯಲ್ಲಿ ಡೇಟನ್ ಒಪ್ಪಂದವಾಗುವ ವೇಳೆಗೆ ದೇಶದಲ್ಲಿ ಸತ್ತವರ ಸಂಖ್ಯೆ ಸುಮಾರು ಒಂದು ಲಕ್ಷ.

ಸೇತುವೆಯನ್ನು ಮತ್ತೆ ಕಟ್ಟಿದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ವಿಶ್ವಬ್ಯಾಂಕ್, ಯುನೆಸ್ಕೋ, ಆಗಾ ಖಾನ್ ಸಂಸ್ಥೆ ಕೈಜೋಡಿಸಿದವು. ತುರ್ಕಿ, ಇಟಲಿ, ನೆದರ್ಲೆಂಡ್ಸ್ ಮುಂತಾದ ದೇಶಗಳು ಹಣ ಕೊಟ್ಟವು. ಕ್ರೊವೇಷಿಯಾ ಕೂಡ ಕೊಟ್ಟಿತು. ಹಂಗೇರಿಯ ಸೈನಿಕ ಮುಳುಗುಗಾರರು ನದಿಯ ತಳದಿಂದ ಕಲ್ಲುಗಳನ್ನು ಎತ್ತಿದರು. 2004ರ ಜುಲೈ 23ರಂದು ಸೇತುವೆ ತೆರೆಯಿತು. ಮರುವರ್ಷ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪತ್ರಿಕೆಗಳಲ್ಲಿ ಚಿತ್ರ ಬಂದವು, ಪ್ರವಾಸಿಗಳು ಬಂದರು. ಆದರೆ ಆ ಸೇತುವೆಯಿಂದ ಸ್ವಲ್ಪವೇ ದೂರದಲ್ಲಿ, ಗಡಿಯಾಗಿದ್ದ ಅದೇ ಬುಲೆವಾರ್ ರಸ್ತೆಯ ಹತ್ತಿರ, ಇನ್ನೊಂದು ಕಟ್ಟಡವಿತ್ತು. ಅದು ಮೊಸ್ತಾರ್ ಜಿಮ್ನಾಸಿಯಂ. ನಮ್ಮ ಕಡೆ ಜಿಮ್ ಎಂದರೆ ಕಸರತ್ತಿನ ಮನೆ. ಅಲ್ಲಿ ಅದು ಪ್ರೌಢಶಾಲೆ. ಆಸ್ಟ್ರಿಯಾ-ಹಂಗೇರಿಯ ಆಳ್ವಿಕೆಯಲ್ಲಿ 1893ರಲ್ಲಿ ಸ್ಥಾಪನೆಯಾದ ಈ ಶಾಲೆಯ ಕಟ್ಟಡವನ್ನು ಸ್ಪೇನಿನ ಅರಬ್ ಅರಮನೆಗಳನ್ನು ನೆನಪಿಸುವ ಶೈಲಿಯಲ್ಲಿ ಕಟ್ಟಲಾಗಿತ್ತು. ಯುದ್ಧದಲ್ಲಿ ಅದರ ಗೋಡೆಗಳು ಜಾಲರಿಯಂತಾದವು.

ಈಗ ಶಾಲೆಗಳನ್ನು ಸೀಳಿದವರು ಯಾರು ಎಂಬ ಪ್ರಶ್ನೆ. ದ್ವೇಷ ಹಚ್ಚಿದ ರಾಜಕಾರಣಿಗಳು ಎಂದು ಹೇಳಿ ಮುಗಿಸಿದರೆ ಅರ್ಧ ಸತ್ಯವಾದೀತು. ಯುದ್ಧದಲ್ಲಿ ಊರು ಬಿಟ್ಟು ಓಡಿದ್ದ ಕುಟುಂಬಗಳು ಹಿಂದಿರುಗತೊಡಗಿದಾಗ ಅವರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದಿರಲಿಲ್ಲ. ಇದ್ದ ಶಾಲೆ ಇನ್ನೊಂದು ಸಮುದಾಯದ ಹಿಡಿತದಲ್ಲಿತ್ತು. ಮಕ್ಕಳನ್ನು ಬಸ್ಸಿನಲ್ಲಿ ದೂರದ ಊರಿಗೆ ಕಳಿಸಬೇಕಿತ್ತು. ಆಗ ಶಾಂತಿ ಕಾಯಲು ಬಂದಿದ್ದ ಅಂತರರಾಷ್ಟ್ರೀಯ ಸಂಸ್ಥೆಗಳೇ, ಕನಿಷ್ಠ ಒಂದು ಸೂರಿನಡಿಗಾದರೂ ಬರಲಿ, ಒಂದಾಗುವುದು ನಿಧಾನವಾಗಿ ಆಗುತ್ತದೆ ಎಂದು ಈ ಏರ್ಪಾಡಿಗೆ ಒಪ್ಪಿದವು. ತಾತ್ಕಾಲಿಕ ಎಂದರು. ತಾತ್ಕಾಲಿಕವಾಗಿ ಹಾಕಿದ ತಗಡಿನ ಶೆಡ್ಡು ಎಷ್ಟು ವರ್ಷ ನಿಲ್ಲುತ್ತದೆ ಎಂಬುದು ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಒಕ್ಕೂಟದ ಹತ್ತು ಕ್ಯಾಂಟನ್‌ಗಳಿಗೆ ಹತ್ತು ಶಿಕ್ಷಣ ಮಂತ್ರಿಗಳಿದ್ದರು. ಎರಡು ಶಾಲೆ ಎಂದರೆ ಎರಡು ಆಡಳಿತ, ಎರಡು ಪಟ್ಟು ಹುದ್ದೆ. ಒಕ್ಕೂಟದ ಸುಪ್ರೀಂ ಕೋರ್ಟ್ ಇದು ತಾರತಮ್ಯವೆಂದು 2014ರಲ್ಲಿ ತೀರ್ಪು ಕೊಟ್ಟ ಮೇಲೂ ಏರ್ಪಾಡು ನಿಂತುಹೋಗಲಿಲ್ಲ.

ಮೊಸ್ತಾರ್ ಜಿಮ್ನಾಸಿಯಂ ಮಾತ್ರ 2004ರಲ್ಲಿ ಆಡಳಿತದ ಮಟ್ಟಿಗೆ ಒಂದಾಯಿತು. ಒಬ್ಬ ಪ್ರಿನ್ಸಿಪಾಲ್, ಒಂದು ಆಡಳಿತ ಮಂಡಳಿ, ಒಂದು ವಿದ್ಯಾರ್ಥಿ ಸಂಘ. ಆದರೆ ತರಗತಿಗಳು ಬೇರೆ, ಪಠ್ಯಕ್ರಮ ಬೇರೆ, ಇತಿಹಾಸದ ಪುಸ್ತಕ ಬೇರೆ. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ 2006ರಲ್ಲಿ ಮತ್ತೊಂದು ಸಂಸ್ಥೆ ಶುರುವಾಯಿತು. ಅದೇ ಯುನೈಟೆಡ್ ವರ್ಲ್ಡ್ ಕಾಲೇಜ್.

ಈ ಕಾಲೇಜುಗಳ ಮೂಲಪುರುಷನ ಬಗ್ಗೆ ಎರಡು ಮಾತು ಹೇಳಲೇಬೇಕು. ಕುರ್ಟ್ ಹಾನ್ 1886ರಲ್ಲಿ ಬರ್ಲಿನ್ನಿನ ಯೆಹೂದಿ ಕುಟುಂಬದಲ್ಲಿ ಹುಟ್ಟಿದ ಶಿಕ್ಷಕ. 1920ರಲ್ಲಿ ಸಾಲೆಮ್ ಎಂಬಲ್ಲಿ ಶಾಲೆ ತೆರೆದ. ‘ಸಲಾಂ’, ‘ಶಾಲೋಮ್’ ಪದಗಳ ನೆಂಟನಾದ ಆ ಹೆಸರಿನ ಅರ್ಥ ಶಾಂತಿ. 1932ರಲ್ಲಿ ಪೊಟೆಂಪಾ ಎಂಬ ಹಳ್ಳಿಯಲ್ಲಿ ನಾಜಿಗಳು ಒಬ್ಬ ಕಾರ್ಮಿಕನನ್ನು ಅವನ ತಾಯಿಯ ಕಣ್ಣೆದುರೇ ಕೊಂದರು. ಹಿಟ್ಲರ್ ಕೊಲೆಗಾರರ ಬೆನ್ನಿಗೆ ನಿಂತ. ಆಗ ಹಾನ್ ತನ್ನ ಹಳೆಯ ವಿದ್ಯಾರ್ಥಿಗಳಿಗೆಲ್ಲ ಪತ್ರ ಬರೆದು, ಸಾಲೆಮ್ ಬೇಕೋ ಹಿಟ್ಲರ್ ಬೇಕೋ ಆರಿಸಿಕೊಳ್ಳಿ ಎಂದ. ಮರುವರ್ಷ ಜೈಲು ಸೇರಿದ, ಬಳಿಕ ಬ್ರಿಟನ್ನಿಗೆ ವಲಸೆ ಹೋದ. ಒಬ್ಬ ಮೇಷ್ಟರು ತನ್ನ ಹಳೆಯ ವಿದ್ಯಾರ್ಥಿಗಳಿಗೆ ಹೀಗೆ ಪತ್ರ ಬರೆಯಬೇಕಾದರೆ ಎಂಥ ಎದೆ ಬೇಕು, ಯೋಚಿಸಿ. 1955ರಲ್ಲಿ ಪ್ಯಾರಿಸ್ಸಿನ ನ್ಯಾಟೋ ರಕ್ಷಣಾ ಕಾಲೇಜಿಗೆ ಹೋಗಿದ್ದಾಗ, ಹತ್ತು ವರ್ಷದ ಹಿಂದೆ ಒಬ್ಬರ ಮೇಲೊಬ್ಬರು ಬಾಂಬ್ ಹಾಕಿದ ದೇಶಗಳ ಅಧಿಕಾರಿಗಳು ಒಂದೇ ಬೆಂಚಿನಲ್ಲಿ ಕೂತು ಓದುವುದನ್ನು ಅವನು ನೋಡಿದ. ಇದನ್ನೇ ಹದಿನಾರು ಹದಿನೇಳರ ಮಕ್ಕಳಿಗೆ ಯಾಕೆ ಮಾಡಬಾರದು ಎನಿಸಿತು. ಸೈನಿಕ ಕಾಲೇಜಿನಿಂದ ಶಾಂತಿಯ ಶಾಲೆ ಹುಟ್ಟಿದ್ದು ವಿಚಿತ್ರವಾದರೂ ನಿಜ. 1962ರಲ್ಲಿ ವೇಲ್ಸಿನ ಒಂದು ಹಳೆಯ ಕೋಟೆಯಲ್ಲಿ ಮೊದಲ ಕಾಲೇಜು ಪ್ರಾರಂಭವಾಯಿತು. ನಮ್ಮ ನೆರೆಯ ಪುಣೆಯ ಹತ್ತಿರವೂ 1997ರಿಂದ ಈ ಬಳಗದ ಒಂದು ಕಾಲೇಜಿದೆ.

ಮೊಸ್ತಾರಿನಲ್ಲಿ ಈ ಕಾಲೇಜು ಬರಲು ಓಡಾಡಿದವರಲ್ಲಿ ಫಿನ್ಲೆಂಡಿನ ಇತಿಹಾಸಕಾರ್ತಿ ಪಿಲ್ವಿ ತೋರ್ಸ್ತಿ ಮುಖ್ಯರು. ಅವರ ಪಿಎಚ್.ಡಿ. ವಿಷಯವೇ ಬೋಸ್ನಿಯಾದ ಇತಿಹಾಸ ಪಠ್ಯಪುಸ್ತಕಗಳು ಮತ್ತು ಯುವಜನರ ಮನಸ್ಸು. ಪುಸ್ತಕಗಳು ಹೇಳುವ ಕಥೆಗಳು ಬೇರೆ ಬೇರೆ ದಿಕ್ಕಿಗೆ ಎಳೆದರೂ ಮಕ್ಕಳ ಮನೋಭಾವಗಳು ಅಷ್ಟೊಂದು ದೂರವಿಲ್ಲ ಎಂಬುದು ಅವರ ಪ್ರಬಂಧದ ತಿರುಳು. ಮೂರನೇ ಮಹಡಿಯಲ್ಲಿ ಮುಸ್ಲಿಂ, ಕ್ರೊವೇಷಿಯನ್, ಸರ್ಬ್ ಮಕ್ಕಳು, ಜೊತೆಗೆ ಹತ್ತಾರು ದೇಶಗಳ ಮಕ್ಕಳು ಒಂದೇ ತರಗತಿಯಲ್ಲಿ ಕೂತರು; ಒಟ್ಟಿಗೆ ವಾಸ, ಒಟ್ಟಿಗೆ ಊಟ. ಪಾಠ ಹೇಳುವವರಲ್ಲಿ ಅನೇಕರು ಊರಿನ ಶಿಕ್ಷಕರೇ. ಇದು ದೊಡ್ಡ ಸಾಧನೆಯೆಂದೇ ನಾನು ತಿಳಿದಿದ್ದೇನೆ. ಆದರೂ ಭಾಷಾ ಶಿಕ್ಷಕಿಯಾಗಿ ಒಂದು ಮಾತು ನನ್ನನ್ನು ಚುಚ್ಚುತ್ತದೆ. ಅಲ್ಲಿನ ಬೋಧನಾ ಮಾಧ್ಯಮ ಇಂಗ್ಲಿಷ್. ಮನೆಮಾತಿನಲ್ಲಿ ಒಟ್ಟಿಗೆ ಕೂರಲಾಗದ ಮಕ್ಕಳು ಪರದೇಶದ ಮಾತಿನಲ್ಲಿ ಒಟ್ಟಿಗೆ ಕೂತರು. ಅದೂ ಆಯ್ಕೆಯಾಗಿ ಬಂದ ಕೆಲವರು ಮಾತ್ರ. ಕೆಳಗಿನ ಮಹಡಿಗಳಲ್ಲಿ ನೂರಾರು ಮಕ್ಕಳು ಹಿಂದಿನಂತೆಯೇ ಬೇರೆ ಬೇರೆ ಕೊಠಡಿಗೆ ಹೋದರು.

ಆ ಕೆಳಗಿನ ಮಹಡಿಗಳ ಬಗ್ಗೆ ಬೋಸ್ನಿಯಾದವರೇ ಆದ ಮಾನವಶಾಸ್ತ್ರಜ್ಞೆ ಅಜ್ರಾ ಹ್ರೊಮಾಜಿಚ್ ಬರೆದಿದ್ದಾರೆ. ಅವರು ಶಾಲೆಯಲ್ಲಿ ತಿಂಗಳುಗಟ್ಟಲೆ ಇದ್ದು ನೋಡಿದರು. ಎರಡೂ ಕಡೆಯ ಮಕ್ಕಳು ನಿಜವಾಗಿ ಬೆರೆಯುತ್ತಿದ್ದ ಜಾಗ ಯಾವುದು ಗೊತ್ತೇ? ಶೌಚಾಲಯ! ಬಿಡುವಿನಲ್ಲಿ ಕದ್ದು ಸಿಗರೇಟು ಸೇದಲು ಅಲ್ಲಿ ಸೇರುತ್ತಿದ್ದರು, ಹರಟುತ್ತಿದ್ದರು, ಪ್ರೇಮವೂ ಅಲ್ಲೇ. ಸಿಗರೇಟನ್ನು ನಾನು ಸಮರ್ಥಿಸುತ್ತಿಲ್ಲ, ನನ್ನ ವಿದ್ಯಾರ್ಥಿಗಳು ದಯವಿಟ್ಟು ಗಮನಿಸಬೇಕು. ಆದರೆ ದೇಶದೇಶಗಳ ತಜ್ಞರು ಕೂಡಿ ಯೋಜಿಸಿದ ಏಕೀಕರಣ ನಡೆಯದ ಕಡೆ, ಯಾರೂ ಯೋಜಿಸದ ಒಂದು ಮೂಲೆಯಲ್ಲಿ ಅದು ನಡೆಯುತ್ತಿತ್ತು.

ಇದನ್ನು ಓದುವಾಗ ನನಗೆ ನೆನಪಾದದ್ದು ಒಂದು ಗೋಡೆ. ನಾನು ಮೊದಲು ಕೆಲಸಕ್ಕೆ ಸೇರಿದ ಊರಿನಲ್ಲಿ ಉರ್ದು ಶಾಲೆ ಮತ್ತು ಕನ್ನಡ ಶಾಲೆ ಒಂದೇ ಆವರಣದಲ್ಲಿದ್ದವು. ನಡುವೆ ಎದೆಮಟ್ಟದ ಗೋಡೆ, ಗೋಡೆಯಲ್ಲಿ ಸಣ್ಣ ಗೇಟು, ಗೇಟಿಗೆ ತುಕ್ಕು ಹಿಡಿದ ಬೀಗ. ಬೀಗದ ಕೈ ಎಲ್ಲಿದೆ ಎಂದು ಎರಡೂ ಕಡೆ ವಿಚಾರಿಸಿದೆ. ಅವರ ಹತ್ತಿರ ಇರಬೇಕು ಎಂದು ಇವರು, ಇವರ ಹತ್ತಿರ ಇರಬೇಕು ಎಂದು ಅವರು. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಮಕ್ಕಳು ಗೋಡೆ ಹತ್ತಿ ಕೂತು ಮನೆಯಿಂದ ತಂದ ಉಪ್ಪಿನಕಾಯಿ ಬದಲಾಯಿಸಿಕೊಳ್ಳುತ್ತಿದ್ದರು. ಬಿದ್ದೀರಿ ಎಂದು ಶಿಕ್ಷಕರು ಗದರಿಸಿ ಇಳಿಸುತ್ತಿದ್ದರು. ನಾನೂ ಗದರಿಸಿದ್ದೇನೆ.

ಹಾಗಾದರೆ ಮೊಸ್ತಾರಿನ ಕಥೆ ಹೇಳಿ ಉರ್ದು ಶಾಲೆಗಳು ಬೇಡವೆನ್ನುತ್ತೀರಾ ಎಂದು ಯಾರಾದರೂ ಕೇಳಬಹುದು. ಖಂಡಿತ ಇಲ್ಲ. ಮನೆಮಾತಿನಲ್ಲಿ ಅಕ್ಷರ ಕಲಿಯುವುದು ಮಗುವಿನ ಹಕ್ಕು. ಉರ್ದುವಿನಲ್ಲಿ ಕಲಿತು ಕನ್ನಡದಲ್ಲಿ ಬರೆಯುತ್ತಿರುವ ನಾನೇ ಅದಕ್ಕೆ ಸಾಕ್ಷಿ. ನಮ್ಮ ರಾಜ್ಯದಲ್ಲಿ ಗೋಡೆಯ ಈಚೆಯ ಮಗು ಉರ್ದುವಿನಲ್ಲಿ ಓದುವ ಸಮಾಜ ವಿಜ್ಞಾನದ ಪಾಠವನ್ನೇ ಆಚೆಯ ಮಗು ಕನ್ನಡದಲ್ಲಿ ಓದುತ್ತದೆ. ಮಾತು ಎರಡಾದರೂ ಕಥೆ ಒಂದೇ. ಮೊಸ್ತಾರಿನಲ್ಲಿ ಹೆಚ್ಚುಕಡಿಮೆ ಮಾತು ಒಂದೇ, ಕಥೆ ಎರಡು. ಸೇತುವೆ ಬಿದ್ದದ್ದನ್ನು ಒಂದು ಕೊಠಡಿ ಒಂದು ಬಗೆಯಲ್ಲಿ, ಪಕ್ಕದ ಕೊಠಡಿ ಇನ್ನೊಂದು ಬಗೆಯಲ್ಲಿ ಕಲಿಯುವುದಾದರೆ, ಆ ಸೇತುವೆಯ ಮೇಲೆ ನಡೆಯುವವರಾದರೂ ಯಾರು?

ಕೊನೆಯದಾಗಿ ಯಾಯ್ತ್ಸೆ ಎಂಬ ಪುಟ್ಟ ಊರಿನ ಸಂಗತಿ. ಊರ ನಡುವೆಯೇ ಜಲಪಾತವಿರುವ ಈ ಊರು ಹಿಂದೆ ಬೋಸ್ನಿಯಾದ ರಾಜರ ರಾಜಧಾನಿ. 1943ರ ನವೆಂಬರ್ 29ರಂದು ಹೊಸ ಯುಗೊಸ್ಲಾವ್ ಒಕ್ಕೂಟದ ಬುನಾದಿ ಬಿದ್ದದ್ದೂ ಇಲ್ಲಿಯೇ. ಇಲ್ಲಿನ ಪ್ರೌಢಶಾಲೆಗಳಲ್ಲಿ ಮುಸ್ಲಿಂ ಮತ್ತು ಕ್ರೊವೇಷಿಯನ್ ಮಕ್ಕಳು ಒಟ್ಟಿಗೆ ಓದುತ್ತಿದ್ದರು. 2016ರಲ್ಲಿ ಕ್ಯಾಂಟನ್ ಸರ್ಕಾರ ಮುಸ್ಲಿಂ ಮಕ್ಕಳಿಗೆ ಬೇರೆ ಶಾಲೆ ತೆರೆಯಲು ಹೊರಟಿತು. ಅದೇ ಕ್ಯಾಂಟನ್ನಿನ ಹಿಂದಿನ ಶಿಕ್ಷಣ ಮಂತ್ರಿಯೊಬ್ಬರು 2007ರಲ್ಲಿ, ಸೇಬಿನ ಜೊತೆ ಮರಸೇಬನ್ನು ಬೆರೆಸಲಾಗದು ಎಂಬರ್ಥದ ಮಾತಾಡಿ ದೇಶಕ್ಕೆಲ್ಲ ಸುದ್ದಿಯಾಗಿದ್ದರು.

ಈ ಸಲ ಎರಡೂ ಸಮುದಾಯದ ವಿದ್ಯಾರ್ಥಿಗಳು ಸೇರಿ ಬೀದಿಗಿಳಿದರು. ಹಿರಿಯರು ಅಷ್ಟಾಗಿ ಜೊತೆಗೆ ಬರಲಿಲ್ಲ. 2017ರ ಜೂನ್‌ನಲ್ಲಿ ಅವರು ಕ್ಯಾಂಟನ್ನಿನ ಆಡಳಿತ ಕೇಂದ್ರವಾದ ತ್ರಾವ್ನಿಕ್ ಪಟ್ಟಣಕ್ಕೇ ಹೋಗಿ ಪ್ರತಿಭಟಿಸಿದರು. ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮರುವರ್ಷ, ಅಂದರೆ ದೇಶದಲ್ಲಿ ಇನ್ನೂ 56 ಒಡೆದ ಶಾಲೆಗಳಿವೆಯೆಂದು ವರದಿ ಬಂದ ಅದೇ 2018ರಲ್ಲಿ, ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ದುಡಿದವರಿಗೆ ಕೊಡುವ ಮ್ಯಾಕ್ಸ್ ವಾನ್ ಡೆರ್ ಸ್ಟೂಲ್ ಅಂತರರಾಷ್ಟ್ರೀಯ ಪ್ರಶಸ್ತಿ ಯಾಯ್ತ್ಸೆಯ ಈ ಶಾಲಾ ಮಕ್ಕಳಿಗೆ ಸಂದಿತು.

ಈ ಭಾಗವನ್ನು ತರಗತಿಯಲ್ಲಿ ಓದಿ ಹೇಳಿದೆ. ಅದೇ ಹುಡುಗಿ ಮತ್ತೆ ಎದ್ದು ನಿಂತಳು. “ಆ ಗೇಟಿನ ಬೀಗದ ಕೈ ಸಿಕ್ತಾ ಟೀಚರ್?” ಎಂದಳು.

ಸಿಕ್ಕಿಲ್ಲ. ಆದರೆ ಈಗ ನಾನಿರುವ ಶಾಲೆಗೂ ಪಕ್ಕದ ಕನ್ನಡ ಶಾಲೆಗೂ ನಡುವೆ ಅಂತಹದೇ ಗೋಡೆಯಿದೆ. ಈ ವರ್ಷದ ಕ್ರೀಡಾಕೂಟವನ್ನು ಒಟ್ಟಿಗೆ ಮಾಡೋಣವೆಂದು ಆ ಕಡೆಯ ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆದಿದ್ದೇನೆ.