ಕಸುಬುದಾರನಿಗೊಂದು ವ್ಯಾನ್: ಇಂಧನ ಮಿತವ್ಯಯದ ಲೆಕ್ಕಾಚಾರ

ಮುಂಬಯಿ, ಠಾಣೆ, ಪುಣೆಯಂತಹ ನಗರಗಳಲ್ಲಿ ನೆಲೆನಿಂತ ಕನ್ನಡಿಗರೆಂದರೆ ಹೋಟೆಲು, ಬ್ಯಾಂಕು, ಕಚೇರಿಗಳ ನೆನಪಾಗುವುದು ಸಹಜ. ಆದರೆ ವೈರಿಂಗ್, ಪ್ಲಂಬಿಂಗ್, ಏ.ಸಿ. ದುರಸ್ತಿ, ಮರಗೆಲಸ, ಕೇಟರಿಂಗ್ ಮೊದಲಾದ ಸ್ವಂತ ಕಸುಬುಗಳನ್ನು ನೆಚ್ಚಿ ಬಾಳುವವರೂ ನಮ್ಮಲ್ಲಿದ್ದಾರೆ. ಕೆಲಸ ಬೆಳೆದಂತೆ ಸ್ಕೂಟರಿನಲ್ಲಿ ಉಪಕರಣಗಳ ಚೀಲವಿಟ್ಟು ತಿರುಗುವುದು ಸಾಲದಾಗುತ್ತದೆ. ದಿನದಿನವೂ ಟೆಂಪೊ ಬಾಡಿಗೆಗೆ ಹಿಡಿದರೆ ಕೈಯಲ್ಲಿ ಕಾಸು ಉಳಿಯುವುದಿಲ್ಲ. ಆಗ ಸ್ವಂತ ವ್ಯಾನಿನ ಆಲೋಚನೆ ಮೂಡುತ್ತದೆ.

ವಾಹನ ಮಳಿಗೆಗೆ ಹೋದವರು ಮೊದಲು ಕೇಳುವ ಪ್ರಶ್ನೆ ‘ಮೈಲೇಜ್ ಎಷ್ಟು?’ ಎಂಬುದು. ಪ್ರಶ್ನೆ ತಪ್ಪಲ್ಲ, ಆದರೆ ಅರ್ಧದ್ದು. ‘ನನ್ನ ಕೆಲಸಕ್ಕೆ, ನಾನು ಓಡಾಡುವ ಹಾದಿಯಲ್ಲಿ, ಪ್ರತಿ ಕಿಲೋಮೀಟರಿಗೆ ಒಟ್ಟು ಎಷ್ಟು ರೂಪಾಯಿ ಬೀಳುತ್ತದೆ?’ ಎಂಬುದೇ ಪೂರ್ಣ ಪ್ರಶ್ನೆ. ಇದಕ್ಕೆ ಉತ್ತರ ಕಂಡುಕೊಳ್ಳದೆ ಕೊಂಡ ವಾಹನ ಕಸುಬುದಾರನ ದುಡಿಮೆಯನ್ನು ತಿಂಗಳು ತಿಂಗಳೂ ಸದ್ದಿಲ್ಲದೆ ಸವೆಸುತ್ತದೆ.

ಸ್ವಲ್ಪ ಹಿನ್ನೆಲೆ

ನಮ್ಮ ನಗರಗಳಿಗೆ ಪೆಟ್ಟಿಗೆಯಾಕಾರದ ಪುಟ್ಟ ವ್ಯಾನನ್ನು ಪರಿಚಯಿಸಿದ್ದು 1984ರಲ್ಲಿ ಬಂದ ಮಾರುತಿ ವ್ಯಾನ್. ಮುಂದೆ ‘ಓಮ್ನಿ’ ಎಂದು ಹೆಸರಾದ ಅದರ ತಯಾರಿಕೆ 2019ರಲ್ಲಿ ನಿಂತಿತು. 2010ರಲ್ಲಿ ಬಂದ ‘ಈಕೋ’ ಇಂದು ಆ ಸ್ಥಾನದಲ್ಲಿದ್ದು, ಅದರಲ್ಲಿ ಸರಕು ಸಾಗಣೆಗೆಂದೇ ‘ಕಾರ್ಗೊ’ ಮಾದರಿಯಿದೆ. 2005ರಲ್ಲಿ ಬಂದ ಟಾಟಾ ಏಸ್, ‘ಛೋಟಾ ಹಾಥಿ’ ಎಂಬ ಅಡ್ಡಹೆಸರಿನಿಂದಲೇ ಮನೆಮಾತಾಗಿ, ಮೂರು ಚಕ್ರದ ಟೆಂಪೊಗೂ ದೊಡ್ಡ ಲಾರಿಗೂ ನಡುವಿನ ಜಾಗವನ್ನು ತುಂಬಿತು. ಬಳಿಕ ಅಶೋಕ್ ಲೇಲ್ಯಾಂಡ್ ದೋಸ್ತ್ (2011), ಮಹೀಂದ್ರ ಸುಪ್ರೊ (2015), ಮಾರುತಿ ಸೂಪರ್ ಕ್ಯಾರಿ (2016) ಬಂದವು.

ಮುಚ್ಚಿದ ವ್ಯಾನಿಗೂ ಹಿಂಬದಿ ತೆರೆದ ಪಿಕಪ್‌ಗೂ ಇರುವ ಅಂತರವನ್ನು ಮೊದಲೇ ತಿಳಿಯಬೇಕು. ಡ್ರಿಲ್ಲಿಂಗ್ ಯಂತ್ರ, ಕೇಬಲ್ ಸುರುಳಿ, ತಾಮ್ರದ ಕೊಳವೆಗಳನ್ನು ಹೊತ್ತು ತಿರುಗುವವರಿಗೆ ಮಳೆಗಾಲದ ನಾಲ್ಕು ತಿಂಗಳು ಮತ್ತು ಕಳ್ಳರ ಭಯ ಎರಡೂ ಮುಖ್ಯ. ಅವರಿಗೆ ಬೀಗ ಹಾಕಬಹುದಾದ ವ್ಯಾನೇ ಹಿತ. ಪಿಕಪ್ ಕೊಂಡು ಮೇಲೆ ತಗಡಿನ ಪೆಟ್ಟಿಗೆ ಕಟ್ಟಿಸಿದರೆ ಅದರ ತೂಕವೂ ಗಾಳಿಯ ತಡೆಯೂ ಸೇರಿ ಇಂಧನದ ಖರ್ಚು ಏರುತ್ತದೆ. ಮರಳು, ಸಿಮೆಂಟು, ಟೈಲ್ಸ್ ಸಾಗಿಸುವವರಿಗೆ ಪಿಕಪ್ಪೇ ಸರಿ.

ಕಾಗದದ ಮೈಲೇಜ್, ರಸ್ತೆಯ ಮೈಲೇಜ್

ಮಾಹಿತಿ ಪತ್ರಿಕೆಗಳಲ್ಲಿ ಕಾಣುವ ಅಂಕಿಗಳು ಪುಣೆಯ ಎ.ಆರ್.ಎ.ಐ.ಯಂತಹ ಪರೀಕ್ಷಾ ಸಂಸ್ಥೆಗಳು ದೃಢೀಕರಿಸಿದವು. ಅಲ್ಲಿ ವಾಹನದ ಚಕ್ರಗಳನ್ನು ಉರುಳೆಗಳ ಮೇಲೆ ತಿರುಗಿಸಿ, ನಿಗದಿತ ವೇಗದ ಕ್ರಮದಲ್ಲಿ ಅಳೆಯುತ್ತಾರೆ. ಒಂದು ವಾಹನವನ್ನು ಇನ್ನೊಂದರೊಡನೆ ಹೋಲಿಸಲು ಈ ಅಂಕಿ ಉಪಯುಕ್ತ. ತಿಂಗಳ ಖರ್ಚನ್ನು ಅಂದಾಜಿಸಲು ಅಲ್ಲ. 2022ರಲ್ಲಿ ಹೊಸ ಎಂಜಿನ್ ಪಡೆದ ಈಕೋಗೆ ಪೆಟ್ರೋಲಿನಲ್ಲಿ ಲೀಟರಿಗೆ ಸುಮಾರು 20 ಕಿ.ಮೀ., ಸಿಎನ್‌ಜಿಯಲ್ಲಿ ಕಿಲೋಗೆ ಸುಮಾರು 27 ಕಿ.ಮೀ. ಎಂದು ತಯಾರಕರು ಘೋಷಿಸಿದ್ದರು. ಉಪಕರಣ ತುಂಬಿಕೊಂಡು ಘೋಡ್‌ಬಂದರ್ ರಸ್ತೆಯ ವಾಹನಸಂದಣಿಯಲ್ಲಿ ತೆವಳುವಾಗ ಆ ಅಂಕಿಯನ್ನು ನಿರೀಕ್ಷಿಸಲಾಗದು.

ಮೈಲೇಜ್ ಕುಗ್ಗಿಸುವ ಕಾರಣಗಳು ಗೊತ್ತಿರುವಂಥವೇ: ಹೆಚ್ಚು ಹೊರೆ, ಕಡಿಮೆ ಗಾಳಿಯ ಟಯರು, ನಿಂತಲ್ಲೇ ಉರಿಯುವ ಎಂಜಿನ್, ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಕಿರುಪಯಣಗಳು, ಕಾತ್ರಜ್ ಅಥವಾ ಖಂಬಾಟ್ಕಿಯಂತಹ ಘಾಟಿಗಳು. ಆದ್ದರಿಂದ ನಿಮ್ಮದೇ ಕಸುಬಿನವರೊಬ್ಬರು ಅದೇ ಬಡಾವಣೆಗಳಲ್ಲಿ ಓಡಿಸುವ ಅದೇ ಮಾದರಿಯ ಮೈಲೇಜ್ ಎಷ್ಟೆಂದು ವಿಚಾರಿಸಿ. ಟ್ಯಾಂಕ್ ತುಂಬಿಸಿ ಮೀಟರ್ ಬರೆದಿಟ್ಟು, ಮತ್ತೆ ತುಂಬಿಸುವಾಗ ಹಿಡಿದ ಇಂಧನದಿಂದ ಓಡಿದ ದೂರವನ್ನು ಭಾಗಿಸಿದರೆ ನಿಜವಾದ ಅಂಕಿ ದೊರೆಯುತ್ತದೆ. ಇದನ್ನು ಎರಡು ಮೂರು ಬಾರಿ ಮಾಡಿ ಸರಾಸರಿ ತೆಗೆಯುವುದು ಒಳಿತು.

ಮೊದಲು ಹೊರೆ, ಆಮೇಲೆ ವಾಹನ

ಎರಡು ವಾರ ಒಂದು ಪುಸ್ತಕದಲ್ಲಿ ದಿನದ ದೂರ, ಹೊತ್ತ ಸಾಮಾನು, ಅದರ ಅಂದಾಜು ತೂಕಗಳನ್ನು ಬರೆದಿಡಿ. ಏ.ಸಿ. ದುರಸ್ತಿಯವರ ನಿತ್ಯದ ಹೊರೆ 150ರಿಂದ 200 ಕಿಲೋ ಇದ್ದು, ಅಪರೂಪಕ್ಕೊಮ್ಮೆ ಮಾತ್ರ ಒಂದು ಟನ್ ಸಾಗಿಸಬೇಕಾಗುತ್ತದೆ ಎಂದುಕೊಳ್ಳಿ. ಆ ಅಪರೂಪದ ದಿನಕ್ಕೆ ಬಾಡಿಗೆ ಟೆಂಪೊ ಇದ್ದೇ ಇದೆ. ವರ್ಷಕ್ಕೆ ನಾಲ್ಕು ಬಾರಿ ಬರುವ ಭಾರಕ್ಕಾಗಿ ವರ್ಷವಿಡೀ ದೊಡ್ಡ ವಾಹನಕ್ಕೆ ಇಂಧನ ಕುಡಿಸುವುದು ಜಾಣತನವಲ್ಲ.

ತೂಕದಷ್ಟೇ ಅಳತೆಯೂ ಮುಖ್ಯ. ಬಡಗಿಗೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಲಗೆ ಒಳಗೆ ಹಿಡಿಸಬೇಕು. ಪ್ಲಂಬರನಿಗೆ ಮೂರು ಮೀಟರಿನ ಕೊಳವೆ. ಅಳತೆಪಟ್ಟಿ ಹಿಡಿದೇ ಮಳಿಗೆಗೆ ಹೋಗಿ. ನಿಮ್ಮ ಸೊಸೈಟಿಯ ನೆಲಮಾಳಿಗೆಯ ಪಾರ್ಕಿಂಗಿನ ಎತ್ತರವನ್ನೂ ಮೊದಲೇ ನೋಡಿಕೊಳ್ಳಿ.

ಯಾವ ಇಂಧನ?

ಮುಂಬಯಿ, ಪುಣೆ, ದೆಹಲಿಗಳಲ್ಲಿ ಸಿಎನ್‌ಜಿ ವ್ಯಾಪಕವಾಗಿ ದೊರೆಯುತ್ತದೆ. ಉದಾಹರಣೆಗಾಗಿ ಪೆಟ್ರೋಲ್ ಲೀಟರಿಗೆ 104 ರೂ., ಸಿಎನ್‌ಜಿ ಕಿಲೋಗೆ 80 ರೂ. ಎಂದಿಟ್ಟುಕೊಳ್ಳೋಣ. ನಗರದೊಳಗೆ ಹೊರೆಸಹಿತ ಪೆಟ್ರೋಲಿನಲ್ಲಿ 14 ಕಿ.ಮೀ., ಸಿಎನ್‌ಜಿಯಲ್ಲಿ 20 ಕಿ.ಮೀ. ಸಿಕ್ಕಿದರೆ ಪ್ರತಿ ಕಿ.ಮೀ.ಗೆ ಕ್ರಮವಾಗಿ 7.43 ರೂ. ಮತ್ತು 4 ರೂ. ತಗಲುತ್ತದೆ, ಉಳಿತಾಯ 3.43 ರೂ. ಸಿಎನ್‌ಜಿ ಮಾದರಿಗೆ 90,000 ರೂ. ಹೆಚ್ಚು ತೆರಬೇಕಾದರೆ, ತಿಂಗಳಿಗೆ 1,500 ಕಿ.ಮೀ. ಓಡಿಸುವವರಿಗೆ ಆ ಹಣ ಸುಮಾರು ಒಂದೂವರೆ ವರ್ಷದಲ್ಲಿ ಮರಳುತ್ತದೆ. ತಿಂಗಳಿಗೆ 500 ಕಿ.ಮೀ. ಮಾತ್ರ ಓಡಿಸುವವರು ನಾಲ್ಕು ವರ್ಷಕ್ಕೂ ಮಿಕ್ಕಿ ಕಾಯಬೇಕು. ಒಂದೇ ವಾಹನ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ಹೊರೆ ಆಗುವುದು ಹೀಗೆ.

ಸಿಎನ್‌ಜಿಗೆ ತನ್ನದೇ ಮಿತಿಗಳೂ ಇವೆ. ಸಿಲಿಂಡರಿನ ತೂಕದಿಂದ ಹೊರುವ ಸಾಮರ್ಥ್ಯ ತಗ್ಗುತ್ತದೆ: ಸೂಪರ್ ಕ್ಯಾರಿಯ ಪೆಟ್ರೋಲ್ ಮಾದರಿ 740 ಕಿಲೋ ಹೊರಬಲ್ಲದಾದರೆ ಸಿಎನ್‌ಜಿ ಮಾದರಿಯದು 625 ಕಿಲೋ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆಗೆ ಒಳಪಡಿಸಬೇಕು. ಪಂಪಿನ ಸಾಲಿನಲ್ಲಿ ನಿಲ್ಲುವ ಅರ್ಧ ಗಂಟೆಯೂ ಕಸುಬುದಾರನ ಕೂಲಿಯೇ. ಹೊರಗಿನ ಗ್ಯಾರೇಜಿನಲ್ಲಿ ಕಿಟ್ ಹಾಕಿಸಿದರೆ ಅದನ್ನು ನೋಂದಣಿ ಪತ್ರದಲ್ಲಿ ನಮೂದಿಸಿ ವಿಮಾ ಕಂಪೆನಿಗೂ ತಿಳಿಸಬೇಕು.

ಡೀಸೆಲ್ ಎಂಜಿನ್ ಭಾರ ಹೊತ್ತು ಘಾಟಿ ಏರಲು ಇಂದಿಗೂ ಸಮರ್ಥ. ಆದರೆ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದಿಂದ ಹೊಗೆ ಶುದ್ಧೀಕರಣದ ಉಪಕರಣಗಳು ಸೇರಿ ಬೆಲೆ ಏರಿತು. ಮಸಿ ಹಿಡಿಯುವ ಫಿಲ್ಟರ್ ಇರುವ ವಾಹನವನ್ನು ಕಿರುಪಯಣಗಳಿಗೆ ಮಾತ್ರ ಬಳಸಿದರೆ ಅದು ಕಟ್ಟಿಕೊಳ್ಳುವುದುಂಟು. ದಿನವೂ ಒಂದು ಟನ್ನಿನಷ್ಟು ಹೊತ್ತು ಊರೂರು ಸುತ್ತುವವರಿಗಷ್ಟೇ ಡೀಸೆಲ್ ಒಪ್ಪುತ್ತದೆ.

ವಿದ್ಯುತ್ ವಾಹನದ ಲೆಕ್ಕವೇ ಬೇರೆ. 2022ರಲ್ಲಿ ಪ್ರಕಟವಾದ ಟಾಟಾ ಏಸ್ ಇವಿಯಲ್ಲಿ 21.3 ಯೂನಿಟ್ ಸಾಮರ್ಥ್ಯದ ಬ್ಯಾಟರಿಯಿದ್ದು, ಪರೀಕ್ಷೆಯ ಪ್ರಕಾರ ಒಂದು ಚಾರ್ಜಿಗೆ 154 ಕಿ.ಮೀ. ಓಡಬಲ್ಲದು. ರಸ್ತೆಯ ವಾಸ್ತವ ಮತ್ತು ಚಾರ್ಜಿಂಗಿನ ನಷ್ಟ ಸೇರಿಸಿ ಕಿ.ಮೀ.ಗೆ ಕಾಲು ಯೂನಿಟ್ ಎಂದು ಹಿಡಿದರೂ, ಯೂನಿಟ್ಟಿಗೆ 12 ರೂ. ದರದಲ್ಲಿ 3 ರೂ. ಆಗುತ್ತದೆ. ದಿನಕ್ಕೆ 60–70 ಕಿ.ಮೀ. ಓಡಿಸುವ, ಸ್ವಂತ ಪಾರ್ಕಿಂಗಿನಲ್ಲಿ ಚಾರ್ಜಿಂಗ್ ಸೌಕರ್ಯವುಳ್ಳವರಿಗೆ ಇದು ಲಾಭಕರ. ರಾತ್ರಿ ರಸ್ತೆಬದಿಯಲ್ಲಿ ವಾಹನ ನಿಲ್ಲಿಸುವವರು ಆತುರಪಡಬಾರದು.

ಕಂತೂ ಸೇರಿದರೇ ಲೆಕ್ಕ ಪೂರ್ಣ

ಮೂರು ದಶಕಗಳಿಂದ ಬ್ಯಾಂಕಿನಲ್ಲಿ ದುಡಿಯುತ್ತಿರುವ ನನಗೆ ಒಂದು ಮಾತು ಸ್ಪಷ್ಟ: ಇಂಧನದಲ್ಲಿ ಉಳಿಸಿದ್ದನ್ನು ಅನೇಕರು ಕಂತಿನಲ್ಲಿ ಕಳೆದುಕೊಳ್ಳುತ್ತಾರೆ. 5 ಲಕ್ಷ ರೂ. ಸಾಲಕ್ಕೆ ಶೇ. 10 ಬಡ್ಡಿಯಂತೆ ಐದು ವರ್ಷದ ಅವಧಿಗೆ ಕಂತು ಸುಮಾರು 10,625 ರೂ.; ಒಟ್ಟು ಬಡ್ಡಿ ಸುಮಾರು 1.37 ಲಕ್ಷ. ತಿಂಗಳಿಗೆ 1,500 ಕಿ.ಮೀ. ಓಡಿದರೆ ಕಂತೇ ಕಿ.ಮೀ.ಗೆ 7 ರೂ. ದಾಟುತ್ತದೆ, ಎಂದರೆ ಸಿಎನ್‌ಜಿಯ ಖರ್ಚಿಗಿಂತ ಹೆಚ್ಚು. 500 ಕಿ.ಮೀ. ಓಡಿದರೆ 21 ರೂ. ಮೀರುತ್ತದೆ! ಸಾಲ 7 ಲಕ್ಷಕ್ಕೇರಿದರೆ ಕಂತು ಸುಮಾರು 14,870 ರೂ.; ಹೆಚ್ಚಿದ ಈ 4,250 ರೂಪಾಯಿ, ಸಿಎನ್‌ಜಿಯಿಂದ ಬರುವ ಉಳಿತಾಯದ ಬಹುಪಾಲನ್ನು ನುಂಗಿಬಿಡುತ್ತದೆ. ಕಡಿಮೆ ಓಡಾಟದವರಿಗೆ ಚೆನ್ನಾಗಿರುವ ಹಳೆಯ ವ್ಯಾನ್ ಅಥವಾ ಬಾಡಿಗೆ ಟೆಂಪೊ ಹೊಸ ವಾಹನಕ್ಕಿಂತ ಅಗ್ಗವಾದೀತು.

2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಡಿ ಕಸುಬುದಾರರು ಇಂತಹ ವಾಹನಕ್ಕೆ ಜಾಮೀನು ಆಸ್ತಿಯಿಲ್ಲದೆ ಸಾಲ ಕೋರಬಹುದು. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಸಾಮಾನ್ಯ ಪದ್ಧತಿಯಲ್ಲಿ ಜಿಎಸ್‌ಟಿ ನೋಂದಣಿಯುಳ್ಳವರು ಸರಕು ವಾಹನಕ್ಕೆ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಕಾಂಪೊಸಿಷನ್ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ.

ನೋಂದಣಿ ಮತ್ತು ಕಾನೂನು

ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯಂತೆ ಪರ್ಮಿಟ್ ಬೇಕಿಲ್ಲ. ಆದರೆ ಫಿಟ್‌ನೆಸ್ ಪ್ರಮಾಣಪತ್ರ ಬೇಕು: ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ. ಲಘು ವಾಹನದ ಪರವಾನಗಿ ಉಳ್ಳವರು 7,500 ಕಿಲೋ ಒಳಗಿನ ಸರಕು ವಾಹನವನ್ನೂ ಚಲಾಯಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ. ಪ್ರಯಾಣಿಕರ ವ್ಯಾನಿನ ಆಸನ ಕಿತ್ತು ಸರಕು ತುಂಬುವುದು, ಸರಕು ವ್ಯಾನಿನ ಹಿಂಬದಿಯಲ್ಲಿ ಕೆಲಸಗಾರರನ್ನು ಕೂಡಿಸುವುದು ಎರಡೂ ಅಪಾಯಕರ. ಅಪಘಾತವಾದಲ್ಲಿ ವಿಮೆಯ ಪರಿಹಾರಕ್ಕೂ ಕುತ್ತು.

ಕೊಳ್ಳುವ ಮುನ್ನ

1. ತಿಂಗಳ ಓಡಾಟ ಮತ್ತು ನಿತ್ಯದ ಹೊರೆಯನ್ನು ಬರೆದಿಡಿ.
2. ಆ ಹೊರೆಗೆ ಸಾಲುವ ಅತಿ ಚಿಕ್ಕ ವಾಹನವನ್ನು ಗುರುತಿಸಿ.
3. ಇಂಧನ, ಕಂತು, ವಿಮೆ, ನಿರ್ವಹಣೆ ಕೂಡಿಸಿ ಓಡಾಟದ ಕಿ.ಮೀ.ಗಳಿಂದ ಭಾಗಿಸಿ.
4. ನಿತ್ಯದಷ್ಟೇ ಸಾಮಾನು ತುಂಬಿ, ನಿಮ್ಮ ಹಾದಿಯಲ್ಲೇ ಪರೀಕ್ಷಾ ಚಾಲನೆ ಕೇಳಿ.
5. ಸರ್ವಿಸ್ ಕೇಂದ್ರ ಹತ್ತಿರವಿದೆಯೇ ನೋಡಿ; ವಾಹನ ನಿಂತ ದಿನ ಕಸುಬೂ ನಿಲ್ಲುತ್ತದೆ.
6. ಕೊಂಡ ಮೇಲೆ ಬೇಡದ ಸಾಮಾನು ಇಳಿಸಿ, ವಾರಕ್ಕೊಮ್ಮೆ ಟಯರಿನ ಗಾಳಿ ನೋಡಿ, ಕಾಯುವಾಗ ಎಂಜಿನ್ ಆರಿಸಿ.

ಮನೆಯ ಹುಡುಗನೊಬ್ಬ ಸ್ವಂತ ಕಸುಬಿಗಿಳಿದು ವ್ಯಾನ್ ಕೊಳ್ಳಹೊರಟಾಗ ಹಿರಿಯರು ಹಣ ಹೊಂದಿಸಿಕೊಡುವುದರ ಜೊತೆಗೆ ಒಂದು ಸಂಜೆ ಅವನೊಡನೆ ಕುಳಿತು ಈ ಲೆಕ್ಕವನ್ನೂ ಮಾಡಿಕೊಡಲಿ. ಮುಂದಿನ ಐದು ವರ್ಷ ಪ್ರತಿ ಕಿಲೋಮೀಟರಿಗೂ ಅದರ ಪ್ರಯೋಜನ ಅವನಿಗೆ ಸಿಗುತ್ತದೆ.