ಹಳೇ ಅಂಬಾಸಡರ್‌ಗೆ ಹೊಸ ಕಾರಿನ ಎಂಜಿನ್ ಹಾಕಿಸಬಹುದೇ? ಫಾರ್ವರ್ಡ್‌ಗಳು ಹೇಳದೇ ಬಿಡುವ ಸಂಗತಿಗಳು

ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿದ್ದ ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿಗೆ ಹೊಸ ಕಾಲದ ಇಂಜೆಕ್ಷನ್ ಎಂಜಿನ್ ಮತ್ತು 5 ಗೇರಿನ ಗೇರ್‌ಬಾಕ್ಸ್ ಕೂರಿಸಿ, ಹೆದ್ದಾರಿಯಲ್ಲಿ ಓಡಿಸುವ ವಿಡಿಯೊಗಳು ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಅವುಗಳ ಜೊತೆ ಸಾಮಾನ್ಯವಾಗಿ ಮೂರು ಮಾತು ಇರುತ್ತವೆ. ಎಂಜಿನ್ ಬದಲಿಸಿದರೆ ಹಳೇ ಕಾರು ಹೊಸದಾಗುತ್ತದೆ. ಮೈಲೇಜ್ ದುಪ್ಪಟ್ಟಾಗುತ್ತದೆ. ಆರ್‌ಸಿಯಲ್ಲಿ ಎಂಜಿನ್ ನಂಬರ್ ತಿದ್ದಿಸಿಕೊಂಡರೆ ಕೆಲಸ ಮುಗಿಯಿತು.

ಅಪ್ಪನೋ ಅಜ್ಜನೋ ಓಡಿಸಿದ ಕಾರಿನ ಮೇಲೆ ಪ್ರೀತಿ ಇಟ್ಟುಕೊಂಡವರು ಇದನ್ನು ನಂಬಿ ಗ್ಯಾರೇಜಿಗೆ ಮುಂಗಡ ಕೊಡುವುದುಂಟು. ಹಾಗಾಗಿ ಈ ಮೂರೂ ಮಾತುಗಳನ್ನು ಒಂದೊಂದಾಗಿ ನೋಡೋಣ.

ಚುಟುಕು ಉತ್ತರ

ತಾಂತ್ರಿಕವಾಗಿ ಇದು ಸಾಧ್ಯ. ಆದರೆ ಎಂಜಿನ್ ಒಂದನ್ನೇ ಬದಲಿಸಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಪೆಟ್ರೋಲ್ ಟ್ಯಾಂಕಿನಿಂದ ಬ್ರೇಕಿನವರೆಗೆ ಹಲವು ಭಾಗಗಳನ್ನು ಅದಕ್ಕೆ ತಕ್ಕಂತೆ ಬದಲಿಸಬೇಕು. ಇನ್ನು ಭಾರತದಲ್ಲಿ ರಸ್ತೆಗೆ ಇಳಿಯುವ ಕಾರಿಗೆ ಬೇರೆ ಮಾದರಿಯ ಎಂಜಿನ್ ಹಾಕುವುದನ್ನು ಕಾನೂನು ಒಪ್ಪುವುದಿಲ್ಲ. ಮೂರನೇ ಮಾತು ಪೂರ್ತಿ ತಪ್ಪು, ಮೊದಲ ಎರಡು ಅರ್ಧ ಸತ್ಯ.

ಕಂಪನಿಯೇ ಹೀಗೆ ಮಾಡಿತ್ತಲ್ಲ?

ಹೌದು, ಮಾಡಿತ್ತು. ಅಂಬಾಸಡರ್‌ನ ಮೂಲ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರು. ಹಿಂದೂಸ್ತಾನ್ ಮೋಟಾರ್ಸ್ ಇದನ್ನು 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿತು. ಬಹುಕಾಲ ಅದರ ಪೆಟ್ರೋಲ್ ಮಾದರಿಯಲ್ಲಿ ಇದ್ದದ್ದು ಬ್ರಿಟಿಷ್ ವಿನ್ಯಾಸದ 1489 ಸಿಸಿ ಎಂಜಿನ್, 4 ಗೇರು, ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿ. 1990ರ ದಶಕದ ಆರಂಭದಲ್ಲಿ ಕಂಪನಿ ಅದೇ ಬಾಡಿಗೆ ಜಪಾನಿನ ಇಸುಜು ವಿನ್ಯಾಸದ 1817 ಸಿಸಿ ಎಂಜಿನ್ನು ಮತ್ತು ನೆಲದಲ್ಲಿ ಕಡ್ಡಿ ಇರುವ 5 ಗೇರಿನ ಬಾಕ್ಸ್ ಕೂರಿಸಿತು. ಮುಂದೆ ಅದೇ ಎಂಜಿನ್ನಿಗೆ ಎಂಪಿಎಫ್‌ಐ, ಅಂದರೆ ಇಂಜೆಕ್ಷನ್ ವ್ಯವಸ್ಥೆ ಬಂತು.

ಅದೇ ಕಂಪನಿಯ ಕಾಂಟೆಸ್ಸಾ ಕಥೆಯೂ ಇಂಥದ್ದೇ. 1984ರಲ್ಲಿ ಬಂದಾಗ ಆ ದೊಡ್ಡ ಕಾರಿಗೆ ಅಂಬಾಸಡರ್‌ನ 1489 ಸಿಸಿ ಎಂಜಿನ್ನೇ ಇತ್ತು. ಎಳೆಯುವ ಶಕ್ತಿ ಸಾಲದೆಂದು ಆಮೇಲೆ ಇಸುಜು ಎಂಜಿನ್ ಹಾಕಲಾಯಿತು.

ಆದರೆ ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಕಂಪನಿ ಹೊಸ ಎಂಜಿನ್ ಹಾಕುವಾಗ ಮಾದರಿ ವಾಹನವನ್ನು ಪರೀಕ್ಷೆಗೆ ಕೊಟ್ಟು, ಅನುಮೋದನೆ ಪಡೆದು, ಆ ಎಂಜಿನ್ನಿನ ಹೆಸರಲ್ಲೇ ಕಾರು ಮಾರುತ್ತದೆ. ಗ್ಯಾರೇಜಿನಲ್ಲಿ ಆಗುವ ಕೆಲಸಕ್ಕೆ ಈ ಯಾವ ಹಂತವೂ ಇರುವುದಿಲ್ಲ.

ಇಂಜೆಕ್ಷನ್ ಎಂಜಿನ್ ಮೇಲೆ ಏಕೆ ಇಷ್ಟು ಆಸೆ?

ಹಳೇ ಕಾರಿನ ಕಾರ್ಬುರೇಟರ್ ಒಂದು ಸರಳ ಯಂತ್ರ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ, ಆ ಗಾಳಿಯ ಸೆಳೆತಕ್ಕೆ ಸಣ್ಣ ರಂಧ್ರದಿಂದ ಪೆಟ್ರೋಲ್ ಬಂದು ಬೆರೆಯುತ್ತದೆ. ಎಷ್ಟು ಬೆರೆಯಬೇಕು ಎಂಬುದನ್ನು ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ ಒಮ್ಮೆ ಹೊಂದಿಸಿಡುತ್ತಾನೆ. ಬೆಳಗಿನ ಚಳಿ, ಆಗುಂಬೆಯ ಏರು, ಬೇಸಿಗೆಯ ಟ್ರಾಫಿಕ್ ಜಾಮ್ ಎಲ್ಲಕ್ಕೂ ಆ ಒಂದೇ ಹೊಂದಾಣಿಕೆ. ಅದಕ್ಕೇ ಚೋಕ್ ಎಳೆಯುವುದು, ಬಿಸಿಯಾದಾಗ ಸ್ಟಾರ್ಟ್ ಆಗದೆ ಸತಾಯಿಸುವುದು.

ಇಂಜೆಕ್ಷನ್ ಎಂಜಿನ್ನಿನಲ್ಲಿ ಈ ಲೆಕ್ಕವನ್ನು ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಮಾಡುತ್ತದೆ. ಒಳಬರುವ ಗಾಳಿ, ಎಂಜಿನ್ನಿನ ಬಿಸಿ, ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ, ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದನ್ನೆಲ್ಲ ಸೆನ್ಸರ್‌ಗಳು ತಿಳಿಸುತ್ತವೆ. ಅದರಂತೆ ಪ್ರತಿ ಸಲವೂ ಅಳತೆ ಮಾಡಿ ಪೆಟ್ರೋಲ್ ಚಿಮ್ಮುತ್ತದೆ. ಸ್ಟಾರ್ಟಿಂಗ್ ಸುಲಭ, ಹೊಗೆ ಕಡಿಮೆ, ಇಂಧನ ಪೋಲಾಗುವುದೂ ಕಡಿಮೆ. ಇಷ್ಟು ನಿಜ.

“ಎಂಜಿನ್ ಬದಲಿಸಿದರೆ ಸಾಕು” ನಿಜವೇ?

ಇಲ್ಲ. ಮೊದಲ ತೊಡಕು ಎಂಜಿನ್ ಕೂರುವ ದಿಕ್ಕಿನದು. ಅಂಬಾಸಡರ್, ಪದ್ಮಿನಿಗಳಲ್ಲಿ ಎಂಜಿನ್ ಉದ್ದಕ್ಕೆ ಕೂತು, ಉದ್ದನೆಯ ಶಾಫ್ಟ್ ಮೂಲಕ ಹಿಂದಿನ ಚಕ್ರ ತಿರುಗಿಸುತ್ತದೆ. ಇಂದಿನ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಡ್ಡ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಅದರ ಗೇರ್‌ಬಾಕ್ಸ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಇಂಥ ಕೆಲಸಕ್ಕೆ ಮಾರುತಿ ಜಿಪ್ಸಿ, ಈಕೋದಂಥ ಹಿಂದಿನ ಚಕ್ರ ತಿರುಗಿಸುವ ವಾಹನಗಳ ಎಂಜಿನ್ ಹುಡುಕಬೇಕಾಗುತ್ತದೆ.

ಎರಡನೆಯದು ಜೋಡಣೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಬೆಲ್ ಹೌಸಿಂಗ್, ಫ್ಲೈವೀಲ್, ಕ್ಲಚ್ ಪ್ಲೇಟ್ ಒಂದಕ್ಕೊಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಕೂರಬೇಕು. ಕೇಂದ್ರ ತುಸು ಸರಿದರೂ ಕ್ಲಚ್ ನಡುಗುತ್ತದೆ, ಬೇರಿಂಗ್ ಹಾಳಾಗುತ್ತದೆ. ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಂದೇ ವಾಹನದಿಂದ ಜೋಡಿಯಾಗಿ ತೆಗೆಯುವುದು ಇದಕ್ಕೇ. ಹಾಗೆ ಮಾಡಿದರೂ ಶಾಫ್ಟ್‌ನ ಉದ್ದ ಬದಲಾಗುತ್ತದೆ. ಅದನ್ನು ಕತ್ತರಿಸಿ ಬೆಸುಗೆ ಹಾಕಿದರಷ್ಟೇ ಸಾಲದು, ಬ್ಯಾಲೆನ್ಸ್ ಮಾಡಿಸಬೇಕು. ಇಲ್ಲದಿದ್ದರೆ ವೇಗ ಹೆಚ್ಚಿದಂತೆ ಇಡೀ ಕಾರು ಅದುರುತ್ತದೆ. ಎಂಜಿನ್ ಮೌಂಟಿಂಗ್ ಹೊಸದಾಗಿ ಮಾಡಬೇಕು, ಗೇರ್ ಕಡ್ಡಿಗೆ ನೆಲ ಕತ್ತರಿಸಬೇಕು.

ಮೂರನೆಯದು ವೈರಿಂಗ್. ಸೆನ್ಸರ್, ಇಸಿಯು, ಫ್ಯೂಸ್ ಎಲ್ಲವೂ ಅದೇ ಎಂಜಿನ್ನಿನವೇ ಇರಬೇಕು. ಹಲವು ಹೊಸ ವಾಹನಗಳಲ್ಲಿ ಕೀಲಿಯೊಳಗೆ ಚಿಪ್ ಇರುತ್ತದೆ. ಆ ಕೀಲಿಯಿಲ್ಲದೆ ಗುಜರಿಯಿಂದ ಎಂಜಿನ್ ಮಾತ್ರ ತಂದರೆ ಇಸಿಯು ಸ್ಟಾರ್ಟ್ ಆಗಲು ಬಿಡುವುದಿಲ್ಲ. ವಿಡಿಯೊದಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಈ ಭಾಗವೇ ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ಎಳೆಯುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ: ಪೆಟ್ರೋಲ್ ಪೈಪು

ಇದನ್ನು ತುಸು ನಿಧಾನವಾಗಿ ಓದಿ. ಕಾರ್ಬುರೇಟರ್ ಕಾರಿನ ಪಂಪು ಪೆಟ್ರೋಲನ್ನು ಕಳಿಸುವುದು ಬಹಳ ಕಡಿಮೆ ಒತ್ತಡದಲ್ಲಿ, ಸುಮಾರು 3ರಿಂದ 5 ಪಿಎಸ್‌ಐ. ಸಾಮಾನ್ಯ ಇಂಜೆಕ್ಷನ್ ಎಂಜಿನ್ನಿಗೆ ಬೇಕಾದದ್ದು ಸುಮಾರು 3 ಬಾರ್, ಅಂದರೆ 43 ಪಿಎಸ್‌ಐ. ಕಾರಿನ ಟೈರಿಗೆ ನೀವು ಹೊಡೆಸುವ ಗಾಳಿ 30ರಿಂದ 33 ಪಿಎಸ್‌ಐ. ಅಂದರೆ ಟೈರಿನ ಗಾಳಿಗಿಂತ ಹೆಚ್ಚಿನ ಒತ್ತಡದಲ್ಲಿ ಪೆಟ್ರೋಲ್ ಆ ಪೈಪಿನಲ್ಲಿ ನಿಂತಿರುತ್ತದೆ.

ಹಳೇ ರಬ್ಬರ್ ಪೈಪು, ಹಳೇ ಕ್ಲಿಪ್ಪು ಇದನ್ನು ತಡೆಯುವುದಿಲ್ಲ. ಕಾರ್ಬುರೇಟರ್ ಕಾರಿನಲ್ಲಿ ಹನಿಹನಿ ಸೋರುವ ಬಿರುಕು ಇಲ್ಲಿ ಪಿಚಕಾರಿಯಾಗುತ್ತದೆ. ಕೆಳಗಡೆ ಕಾದ ಸೈಲೆನ್ಸರ್ ಪೈಪು ಇದ್ದರೆ ಬೆಂಕಿಗೆ ಬೇರೆ ಕಾರಣ ಬೇಡ. ಈಗ ಪೆಟ್ರೋಲ್ ಜೊತೆ ಬರುವ ಎಥೆನಾಲ್ ಕೂಡ ಹಳೇ ಕಾಲದ ಕೆಲವು ರಬ್ಬರ್‌ಗಳನ್ನು ಗಟ್ಟಿಯಾಗಿಸಿ ಬಿರುಕು ಬಿಡಿಸುತ್ತದೆ.

ಸರಿಯಾಗಿ ಮಾಡಿದ ಕೆಲಸದಲ್ಲಿ ಟ್ಯಾಂಕಿಗೆ ಹೊಸ ಪಂಪು, ಇಂಜೆಕ್ಷನ್ ಒತ್ತಡಕ್ಕೆಂದೇ ಮಾಡಿದ ಪೈಪು ಮತ್ತು ಕ್ಲಿಪ್ಪು ಇರಬೇಕು. ಎಂಜಿನ್ ನಿಂತ ಕೂಡಲೇ ಪಂಪೂ ನಿಲ್ಲುವಂತೆ ರಿಲೇ ಇರಬೇಕು. ಅಪಘಾತದಲ್ಲಿ ಎಂಜಿನ್ ನಿಂತರೂ ಪಂಪು ಪೆಟ್ರೋಲ್ ಸುರಿಯುತ್ತಲೇ ಇದ್ದರೆ ಏನಾಗುತ್ತದೆಂದು ಯೋಚಿಸಿ.

ಓಟ ಹೆಚ್ಚಿತು, ಬ್ರೇಕ್?

ವೇಗ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಬ್ರೇಕಿನ ಕೆಲಸ ಹೆಚ್ಚುತ್ತದೆ ಎಂದುಕೊಳ್ಳಬೇಡಿ. ಓಡುವ ಕಾರಿನಲ್ಲಿರುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗ 90ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟಾಯಿತು. ಆದರೆ ಕಾರು ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ.

ಹಳೇ ಅಂಬಾಸಡರ್‌ಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಘಾಟಿಯಲ್ಲಿ ಇಳಿಯುವಾಗ ಇವು ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತವೆ. ಹಿಂದಿನ ಪಟ್ಟಿ ಸ್ಪ್ರಿಂಗು, ಸ್ಟೇರಿಂಗು, ಟೈರು ಎಲ್ಲವೂ ಹಳೇ ವೇಗಕ್ಕೆ ಲೆಕ್ಕ ಹಾಕಿ ಮಾಡಿದವು. ಏರ್‌ಬ್ಯಾಗ್ ಇಲ್ಲ, ಎಷ್ಟೋ ಕಾರುಗಳಲ್ಲಿ ಹಿಂದಿನ ಸೀಟಿಗೆ ಬೆಲ್ಟೂ ಇಲ್ಲ. ಎಂಜಿನ್ ಮಾತ್ರ ಹೊಸದಾದ ಕಾರು ವೇಗದಲ್ಲಿ ಹೊಸದು, ಉಳಿದದ್ದರಲ್ಲೆಲ್ಲ ಹಳೆಯದೇ.

ಮೈಲೇಜ್ ದುಪ್ಪಟ್ಟಾಗುತ್ತದೆಯೇ?

ಸುಧಾರಿಸಬಹುದು. ಆದರೆ ಎಂಜಿನ್ ತೆಗೆದ ಕಾರಿನ ಮೈಲೇಜ್ ನಿಮ್ಮ ಕಾರಿಗೆ ಬರುವುದಿಲ್ಲ. ಮೈಲೇಜ್ ನಿರ್ಧರಿಸುವುದರಲ್ಲಿ ಕಾರಿನ ತೂಕ, ಗಾಳಿಗೆ ಒಡ್ಡುವ ಮೈಯ ಆಕಾರ, ಗೇರಿನ ಅನುಪಾತ ಎಲ್ಲದಕ್ಕೂ ಪಾಲಿದೆ. ಸಣ್ಣ ಕಾರಿನ ಎಂಜಿನ್ನನ್ನು ಭಾರದ ಬಾಡಿಗೆ ಹಾಕಿದರೆ ಅದು ಸದಾ ಏದುಸಿರು ಬಿಡುತ್ತದೆ.

5ನೇ ಗೇರಿನ ಲಾಭ ಎಷ್ಟೆಂದು ಸರಳ ಲೆಕ್ಕದಲ್ಲಿ ನೋಡೋಣ. ಚಕ್ರ ಒಂದು ಸುತ್ತಿಗೆ 2 ಮೀಟರ್ ಸಾಗುತ್ತದೆ, ಹಿಂದಿನ ಆಕ್ಸಲ್‌ನ ಅನುಪಾತ 4.5 ಎಂದಿಟ್ಟುಕೊಳ್ಳಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 667 ಸುತ್ತು ತಿರುಗುತ್ತದೆ. ಅನುಪಾತ 1 ಇರುವ 4ನೇ ಗೇರಿನಲ್ಲಿ ಎಂಜಿನ್ 3,000 ಸುತ್ತು ತಿರುಗಬೇಕು. ಅನುಪಾತ 0.85 ಇರುವ 5ನೇ ಗೇರಿದ್ದರೆ 2,550 ಸಾಕು. ಸದ್ದು ತಗ್ಗುತ್ತದೆ, ಸವೆತವೂ ತಗ್ಗುತ್ತದೆ. ಆದರೆ ಇದು ಹೆದ್ದಾರಿಯ ಲಾಭ. ಊರೊಳಗಿನ ಓಡಾಟದಲ್ಲಿ 5ನೇ ಗೇರು ಹಾಕುವ ಅವಕಾಶವೇ ಕಡಿಮೆ.

ಆರ್‌ಟಿಒ ಏನನ್ನುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕ ಕಂಪನಿ ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. 1489 ಸಿಸಿ ಎಂದು ಬರೆದ ಆರ್‌ಸಿಯ ಕಾರಿನಲ್ಲಿ ಬೇರೆ ಕಂಪನಿಯ, ಬೇರೆ ಸಿಸಿಯ ಎಂಜಿನ್ ಇದ್ದರೆ ಅದು ಬರೀ ನಂಬರ್ ತಿದ್ದುವ ವಿಷಯವಲ್ಲ.

2019ರ ತಿದ್ದುಪಡಿಯಿಂದ ಬಂದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸುವಾಗ ಚಾಸಿಸ್, ಎಂಜಿನ್ ನಂಬರ್ ತಾಳೆ ನೋಡುತ್ತಾರೆ, ಸಿಕ್ಕಿಬೀಳುವುದು ಅಲ್ಲಿ. ತಿಳಿಸದೆ ಮಾಡಿದ ಮಾರ್ಪಾಡು ವಿಮೆಯ ಕ್ಲೇಮ್ ತಿರಸ್ಕರಿಸಲೂ ಕಾರಣವಾಗಬಹುದು.

ಇನ್ನೊಂದು ನಷ್ಟವನ್ನು ಯಾರೂ ಹೇಳುವುದಿಲ್ಲ. 2021ರ ನಿಯಮಗಳ ಪ್ರಕಾರ 50 ವರ್ಷ ಮೀರಿದ ಕಾರು, ಬೈಕುಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಆದರೆ ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಎಂಜಿನ್ ಬದಲಿಸಿದ ದಿನವೇ ಆ ಬಾಗಿಲು ಮುಚ್ಚುತ್ತದೆ.

ಹಾಗಾದರೆ ವಿದೇಶದ ವಿಡಿಯೊಗಳು?

ಅವು ಸುಳ್ಳಲ್ಲ, ಅಲ್ಲಿನ ಕಾನೂನು ಬೇರೆ. ಅಮೆರಿಕದಲ್ಲಿ ಹಳೇ ಕಾರಿಗೆ ಜನರಲ್ ಮೋಟಾರ್ಸ್‌ನ ಎಲ್‌ಎಸ್ ಎಂಜಿನ್ ಹಾಕಿ, ಆಟೊಮ್ಯಾಟಿಕ್ ತೆಗೆದು ಮ್ಯಾನುಯಲ್ ಗೇರ್‌ಬಾಕ್ಸ್ ಕೂರಿಸುವುದು ದೊಡ್ಡ ಹವ್ಯಾಸ. ಅದಕ್ಕೆ ಬೇಕಾದ ಮೌಂಟಿಂಗ್, ವೈರಿಂಗ್ ಎಲ್ಲ ಅಂಗಡಿಯಲ್ಲೇ ಸಿದ್ಧ ಸಿಗುತ್ತವೆ. ಹೊಗೆಯ ವಿಷಯದಲ್ಲಿ ಬಲು ಕಟ್ಟುನಿಟ್ಟಾದ ಕ್ಯಾಲಿಫೋರ್ನಿಯದಲ್ಲೂ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. ಆ ವಿಡಿಯೊ ನೋಡಿ ಇಲ್ಲಿ ಕತ್ತರಿ ಹಿಡಿಯುವುದು ಬೇರೆಯವರ ಔಷಧ ಚೀಟಿ ನೋಡಿ ನಾವು ಮಾತ್ರೆ ನುಂಗಿದಂತೆ.

ಹಳೇ ಕಾರು ಉಳಿಸಿಕೊಳ್ಳಲು ಏನು ಮಾಡಬಹುದು?

• ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ ಹಾಕಿಸುವುದಿದ್ದರೆ ಮೊದಲು ಆರ್‌ಟಿಒ ಅನುಮತಿ ಪಡೆಯಿರಿ, ಆಮೇಲೆ ಆರ್‌ಸಿಯಲ್ಲಿ ನಮೂದಿಸಿ. ಹಳೇ ಎಂಜಿನ್ ಕೊಳ್ಳುವಾಗ ಬಿಲ್ ಮತ್ತು ಅದರ ಮೂಲ ವಾಹನದ ದಾಖಲೆ ಕೇಳಿ.
• ಇರುವ ಎಂಜಿನ್ನನ್ನೇ ಬೋರ್ ಮಾಡಿಸಿ, ಹೊಸ ಪಿಸ್ಟನ್, ವಾಲ್ವ್ ಸೀಟ್ ಹಾಕಿಸಬಹುದು. ಸೀಸವಿಲ್ಲದ ಪೆಟ್ರೋಲ್ 2000ದಲ್ಲಿ ದೇಶದೆಲ್ಲೆಡೆ ಬಂತು. ಅದಕ್ಕೂ ಹಿಂದಿನ ಎಂಜಿನ್‌ಗಳಿಗೆ ಗಟ್ಟಿ ವಾಲ್ವ್ ಸೀಟ್ ಒಳ್ಳೆಯದು.
• ಎಥೆನಾಲ್ ತಾಳುವ ಪೆಟ್ರೋಲ್ ಪೈಪು ಮತ್ತು ವಾಷರ್‌ಗಳನ್ನು ಹಾಕಿಸಿ. ಖರ್ಚು ಕಡಿಮೆ, ಬೆಂಕಿಯ ಭಯವೂ ಕಡಿಮೆ.
• ಕಾರ್ಬುರೇಟರ್ ಬಿಚ್ಚಿ ಶುಚಿ ಮಾಡಿಸಿ, ಟೈಮಿಂಗ್ ಹೊಂದಿಸಿ, ರೇಡಿಯೇಟರ್ ಸರಿಪಡಿಸಿ. ಸ್ಟಾರ್ಟಿಂಗ್ ತೊಂದರೆ, ಬಿಸಿಯಾಗುವುದು ಎಷ್ಟೋ ಸಲ ಇಷ್ಟರಲ್ಲೇ ನಿಲ್ಲುತ್ತವೆ.
• ಸಿಎನ್‌ಜಿ, ಎಲ್‌ಪಿಜಿ, ವಿದ್ಯುತ್ ಕಿಟ್‌ಗಳಿಗೆ ಕಾಯ್ದೆಯಲ್ಲೇ ಅವಕಾಶವಿದೆ. ಆದರೆ ಕಿಟ್ ನಿಮ್ಮ ಮಾದರಿಗೆ ಅನುಮೋದಿತವಾಗಿರಬೇಕು, ಆರ್‌ಸಿಯಲ್ಲಿ ನಮೂದಾಗಬೇಕು.

ನಮ್ಮ ತೀರ್ಪು

ಹಳೇ ಕಾರಿಗೆ ಹೊಸ ಎಂಜಿನ್ ಹಾಕಲು ಸಾಧ್ಯ ಎಂಬುದು ನಿಜ. ಎಂಜಿನ್ ಒಂದೇ ಸಾಕು ಎಂಬುದು ದಾರಿ ತಪ್ಪಿಸುವ ಮಾತು. ನಂಬರ್ ತಿದ್ದಿಸಿದರೆ ಮುಗಿಯಿತು ಎಂಬುದು ಸುಳ್ಳು. ಯಾರಾದರೂ ಮುಂಗಡ ಕೇಳಿದರೆ ಎರಡೇ ಪ್ರಶ್ನೆ ಕೇಳಿ: ಆರ್‌ಟಿಒ ಅನುಮತಿ ಪತ್ರ ಎಲ್ಲಿ? ಪೆಟ್ರೋಲ್ ಪೈಪು ಮತ್ತು ಬ್ರೇಕಿಗೆ ಏನು ಮಾಡುತ್ತೀರಿ? ಎರಡಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಆ ವಿಡಿಯೊ ಕಳಿಸಿದವರಿಗೆ ಈ ಲೇಖನವನ್ನೂ ಕಳಿಸಿ.