ಎರಡು ಹೊಳೆ, ಒಂದು ಗುಡ್ಡ, ಓಡಾಡುವ ಗಡಿ

ರಾಯಚೂರು ಅಂದ ಕೂಡಲೇ ಬೆಂಗಳೂರಿನವರಿಗೆ ನೆನಪಾಗೋದು ಎರಡೇ: ಬಿಸಿಲು ಮತ್ತು ಶಕ್ತಿನಗರದ ಕರೆಂಟು. ಇಂಥ ಊರಿಗಾಗಿ ರಾಜರು ಇನ್ನೂರು ವರ್ಷ ಬಡಿದಾಡಿದ್ದು ಯಾಕೆ? ನಕ್ಷೆ ಬಿಡಿಸಿದರೆ ಉತ್ತರ ಅಲ್ಲೇ ಇದೆ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ನೆಲಕ್ಕೆ ಹಿಂದಿನವರು ಇಟ್ಟ ಹೆಸರು ಎಡೆದೊರೆ, ಆಮೇಲಿನದು ದೋಆಬ್. ಈ ಬಯಲಲ್ಲಿ ಎದ್ದು ನಿಂತ ಕಲ್ಲುಗುಡ್ಡವೇ ರಾಯಚೂರಿನ ಕೋಟೆಗೆ ಆಸರೆ. ಗುಡ್ಡ ಹತ್ತಿದವನಿಗೆ ಬರುವ ದಂಡು ದೂರದಿಂದಲೇ ಕಾಣುತ್ತದೆ! ಕಾಕತೀಯರ ಕಾಲದಲ್ಲಿ, 1294ರಲ್ಲಿ ಈ ಕೋಟೆ ಕಟ್ಟಿದರು. ಅದನ್ನು ಹೇಳುವ ತೆಲುಗು ಶಾಸನ ಇರುವ ಕಲ್ಲು 41 ಅಡಿಗೂ ಉದ್ದ. ಅದನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ.

ಇನ್ನು ಗಡಿಯ ಲೆಕ್ಕ ನೋಡಿ, ಥೇಟ್ ಸ್ವಿಚ್ ಇದ್ದ ಹಾಗೆ. ರಾಯಚೂರು ವಿಜಯನಗರದ ಕೈಲಿದ್ದರೆ ಗಡಿ ಕೃಷ್ಣೆ. ಬಹಮನಿ ಅಥವಾ ಬಿಜಾಪುರದ ಕೈಲಿದ್ದರೆ ತುಂಗಭದ್ರೆ. 1520ರಲ್ಲಿ ಕೃಷ್ಣದೇವರಾಯ ಕೋಟೆಗೆ ಮುತ್ತಿಗೆ ಹಾಕಿದಾಗ, ಇಸ್ಮಾಯಿಲ್ ಆದಿಲ್ ಶಾ ಕೃಷ್ಣೆ ದಾಟಿ ಬಂದು ಸೋತ. ಪೋರ್ಚುಗೀಸ್ ಕೋವಿಗಾರರು ರಾಯನ ಕಡೆ ಇದ್ದರು. ಕೋಟೆ ಸಿಕ್ಕಿತು, ಗಡಿ ಮತ್ತೆ ಕೃಷ್ಣೆಗೆ ಹೋಯಿತು. 1565ರ ತಾಳಿಕೋಟೆ ಯುದ್ಧದ ಹೊತ್ತಿಗೆ ಈ ಆಟ ಮುಗಿಯಿತು ಅಂದುಕೊಂಡರೆ ತಪ್ಪು.

1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಗಡಿ ತುಂಗಭದ್ರೆ. 1853ರಲ್ಲಿ ಸೈನ್ಯದ ಖರ್ಚಿನ ಬಾಕಿಗೆ ದೋಆಬನ್ನೂ ಬ್ರಿಟಿಷರಿಗೆ ಒಪ್ಪಿಸಿದರು, ಗಡಿ ಕೃಷ್ಣೆ. 1860ರಲ್ಲಿ ವಾಪಸ್ಸು, ಮತ್ತೆ ತುಂಗಭದ್ರೆ. ಈ ಸಲ ಒಬ್ಬ ಸೈನಿಕನೂ ಸಾಯಲಿಲ್ಲ, ಬರೀ ಲೆಕ್ಕದ ಪುಸ್ತಕ! 1871ರಲ್ಲಿ ಮುಂಬೈ ಕಡೆಯ ರೈಲು, ಮದ್ರಾಸ್ ಕಡೆಯ ರೈಲು ಎರಡೂ ಬಂದು ಕೂಡಿದ್ದು ಇದೇ ರಾಯಚೂರಿನಲ್ಲಿ.

1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಾಗ ಹಿಂದೆಂದೂ ಆಗದ್ದು ಆಯಿತು: ಇಲ್ಲಿ ಎರಡೂ ಹೊಳೆಗಳು ಗಡಿಯಾದವು. ಆಗ ಆಚೆ ದಡ ಎರಡೂ ಕಡೆ ಆಂಧ್ರ. 2014ರಿಂದ ಶಕ್ತಿನಗರದ ಸೇತುವೆ ದಾಟಿದರೆ ತೆಲಂಗಾಣ, ತುಂಗಭದ್ರೆ ದಾಟಿ ಮಂತ್ರಾಲಯಕ್ಕೆ ಹೋದರೆ ಆಂಧ್ರ. ಊರು ಕದಲಲಿಲ್ಲ, ಗಡಿ ಕದಲುತ್ತಲೇ ಇದೆ.

ಜನ ಮಾತ್ರ ಗಡಿ ನೋಡಿ ಬಾಳಿದವರಲ್ಲ. ಯಾವ ರಾಜ್ಯ ಬಂದರೂ ಮಾನ್ವಿಯವರು ರಾಯರ ದರ್ಶನಕ್ಕೆ ಹೊಳೆ ದಾಟಿದ್ದಾರೆ. ಕನ್ನಡ, ತೆಲುಗು, ಉರ್ದು ಒಂದೇ ಸಂತೆಯಲ್ಲಿ ನಡೆಯುತ್ತವೆ.

ಆದರೆ ಗಡಿ ಊರಿಗೆ ಒಂದು ಶಾಪ ಇದ್ದೇ ಇದೆ. ಎಲ್ಲರಿಗೂ ಕೋಟೆ ಬೇಕಿತ್ತು, ಯಾರಿಗೂ ಇದು ನಡುಮನೆ ಆಗಲಿಲ್ಲ. 1985ರಿಂದ ಶಕ್ತಿನಗರ ನಾಡಿಗೆಲ್ಲಾ ಕರೆಂಟು ಕೊಡುತ್ತಿದೆ. ಈ ಭಾಗಕ್ಕೆ ಓದು, ನೌಕರಿಯಲ್ಲಿ ಮೀಸಲು ಕೊಡುವ 371ಜೆ ವಿಧಿಯ ತಿದ್ದುಪಡಿ ಪಾರ್ಲಿಮೆಂಟಿನಲ್ಲಿ ಪಾಸಾಗಿದ್ದು 2012ರಲ್ಲಿ. ಕರೆಂಟು ಹೋಗಿ 27 ವರ್ಷದ ಮೇಲೆ ನ್ಯಾಯ ಬಂತು. ಗಡಿ ಅಂದ್ರೆ ಇದೇ ಅಲ್ವಾ?